ನೆಲ ಕುಸಿತದ ಬೆನ್ನು ಹತ್ತಿದ ತಂಗಿಗೆ

ಪ್ರೀತಿಯ ತಂಗಿ,

ಮಹಾರಾಷ್ಟ್ರದ ಗಡಿಯ ಉಮರ್ಗಾ, ನಿಲಂಗಾ, ಉದಗೀರ ಕಡೆಯ ನೆಲ ಕುಸಿಯುತ್ತಿದೆಯೇ ಅಂತ ಅಭ್ಯಾಸ ಮಾಡಬೇಕು, ಜೊತೆಗೆ ತಜ್ಞರು ಬೇಕು, ಯಾರ ಬಾಗಿಲು ತಟ್ಟಲಿ ಎಂದು ಕೇಳಿದ್ದೀಯ. ಬಾಗಿಲುಗಳನ್ನು ಆಮೇಲೆ ಹೇಳುತ್ತೇನೆ. ಮೊದಲು ಕೈಯಲ್ಲಿ ಏನು ಹಿಡಿದು ಹೋಗಬೇಕು ಅನ್ನುವುದನ್ನು ಕೇಳು.

ನಿಮ್ಮದು ಎರೆ ಸೀಮೆ. ಬೇಸಿಗೆಯಲ್ಲಿ ಹೊಲ ಅಂಗೈ ಇಳಿಯುವಷ್ಟು ಬಿರಿಯುತ್ತದೆ, ಮಿರಗದ ಮಳೆ ಬಿದ್ದು ಮಣ್ಣು ಉಬ್ಬಿದರೆ ಮುಚ್ಚಿಕೊಳ್ಳುತ್ತದೆ. ಅಡಿಪಾಯ ಆಳವಿಲ್ಲದ ಮನೆಯ ಗೋಡೆಯೂ ಅದರ ಜೊತೆ ಏರಿಳಿದು ಸೀಳುತ್ತದೆ. ಇದನ್ನು ಕುಸಿತ ಅನ್ನಲಾಗದು. ನಿಜವಾದ ಕುಸಿತ ಮಳೆಗೆ ಪೂರಾ ಹಿಂತಿರುಗುವುದಿಲ್ಲ. ಇನ್ನು ಊರಲ್ಲಿ ಎಲ್ಲರೂ ಬೋರ್‌ವೆಲ್ಲನ್ನೇ ದೂರುತ್ತಾರೆ. ಮೆಕ್ಸಿಕೊ ನಗರದಲ್ಲಿ ಅಂತರ್ಜಲ ಎತ್ತಿ ಎತ್ತಿ ನೆಲ ಇಳಿದದ್ದು ನಿಜ. ಆದರೆ ಅಲ್ಲಿ ಕೆಳಗಿರುವುದು ಹಳೆಯ ಕೆರೆತಳದ ಮೆತ್ತನೆಯ ಜೇಡಿ. ನಿಮ್ಮ ಕೆಳಗಿರುವುದು ಲಾವಾ ಹರಿದು ಆರಿದ ಕರಿಗಲ್ಲು. ನೀರು ಬತ್ತಿದರೂ ಅದು ಹಾಗೆ ಅಮುಕಿಕೊಳ್ಳುವುದಿಲ್ಲ. ಕಲ್ಲು ಕೊಳೆತು ಮುರುಮ್ ಆದ ಕಡೆ, ತೇರಣಾ, ಮಾಂಜರಾ ದಂಡೆಯ ಮೆಕ್ಕಲಿನಲ್ಲಿ, ಮುಚ್ಚಿದ ಹಳೆ ಬಾವಿಯ ಮೇಲೆ ಕಟ್ಟಿದ ಜಾಗದಲ್ಲಿ ನೆಲ ಇಳಿಯಬಹುದು. ಇಷ್ಟು ಬಿಡಿಸಿ ಬರೆದ ಪತ್ರಕ್ಕೆ ಯಾವ ತಜ್ಞನೂ ಉತ್ತರ ಕೊಟ್ಟಾನು. "ನಮ್ಮ ಊರು ಮುಳುಗುತ್ತಿದೆ" ಅಂತಷ್ಟೇ ಬರೆದರೆ ಯಾರೂ ಬರುವುದಿಲ್ಲ.

ಆದ್ದರಿಂದ ಈಗಲೇ ಒಂದು ಕೆಲಸ ಹಿಡಿ. ಸೀಳಿದ ಗೋಡೆಗಳಲ್ಲಿ ಬಿರುಕಿನ ಎರಡೂ ಬದಿಗೆ ಒಂದೊಂದು ಮೊಳೆ ಬಡಿ. ಹದಿನೈದು ದಿನಕ್ಕೊಮ್ಮೆ ಕ್ಯಾಲಿಪರ್ ಇಟ್ಟು ಮೊಳೆಯಿಂದ ಮೊಳೆಗೆ ಅಂತರ ಅಳೆ; ತಾರೀಖು, ಮಳೆ, ಪಕ್ಕದ ಬಾವಿಯ ನೀರಿನ ಮಟ್ಟ ಬರೆದಿಡು. ಒಂದು ಬೇಸಿಗೆ, ಒಂದು ಮಳೆಗಾಲ ದಾಟಲಿ. ಆ ವಹಿ ಹೈದರಾಬಾದಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಕೂತವರ ಹತ್ತಿರ ಇರುವುದಿಲ್ಲ. ಅವರು ನಿನ್ನನ್ನು ಬರಿ ದಾರಿ ತೋರಿಸುವವಳು ಎಂದು ತಿಳಿಯದೆ ಜೊತೆಗಾರ್ತಿ ಎಂದು ಕಾಣುವುದು ಅದರಿಂದಲೇ.

ಈಗ ಬಾಗಿಲುಗಳು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಈ ನೆಲವನ್ನು ಬಲ್ಲದು. 1993ರ ಸೆಪ್ಟೆಂಬರ್ 30ರ ನಸುಕಿನ ಕಿಲ್ಲಾರಿ ಭೂಕಂಪದಲ್ಲಿ ಹತ್ತು ಸಾವಿರದ ಹತ್ತಿರ ಜನ ಸತ್ತರಲ್ಲ, ಆಮೇಲೆ ಅಲ್ಲೇ 617 ಮೀಟರ್ ಆಳ ಕೊರೆದು ನೋಡಿದವರು ಅವರು. ಸುಮಾರು 338 ಮೀಟರಿನವರೆಗೂ ಸಿಕ್ಕಿದ್ದು ಅದೇ ಕರಿಗಲ್ಲು. ನೀರಿನ ದಾಖಲೆಗೆ ಮಹಾರಾಷ್ಟ್ರದ ಭೂಜಲ ಸರ್ವೇಕ್ಷಣ ಸಂಸ್ಥೆ ಇದೆ. ಮಣ್ಣಿನ ಪರೀಕ್ಷೆಗೆ ಹತ್ತಿರದ ಇಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗ ಸಾಕು, ದೊಡ್ಡ ಹೆಸರು ಬೇಡ. ರಾಜ್ಯದ ಗಡಿ ಅಂತ ಅಳುಕಬೇಡ: 2021ರಲ್ಲಿ ಕರ್ನಾಟಕದ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದಲ್ಲಿ ನೆಲ ನಡುಗಿತು, 2022ರಲ್ಲಿ ನಿಲಂಗಾದ ಹಾಸೋರಿಯಲ್ಲಿ ನೆಲದಡಿಯ ಸದ್ದಿಗೆ ಜನ ಹೆದರಿದರು. ನೆಲಕ್ಕೆ ಗಡಿ ಗೊತ್ತಿಲ್ಲ. ಕರ್ನಾಟಕದ ವಿಜ್ಞಾನಿಗಳಿಗೂ ಬರೆ.

ಉಪಗ್ರಹದ ರೇಡಾರ್ ಬಲ್ಲವರೂ ಬೇಕು. ಸೆಂಟಿನೆಲ್-1ರ ಚಿತ್ರಗಳು 2014ರಿಂದ ಪುಕ್ಕಟೆ ಸಿಗುತ್ತವೆ. 2025ರ ಜುಲೈನಲ್ಲಿ ಹಾರಿದ ನಿಸಾರ್ 12 ದಿನಕ್ಕೊಮ್ಮೆ ಅದೇ ನೆಲದ ಮೇಲೆ ಹಾಯುತ್ತದೆ. ಆದರೆ ಸೋಯಾಬೀನ್ ಬೆಳೆದ, ಕುಂಟೆ ಹೊಡೆದ ಹೊಲದಲ್ಲಿ ನೆಲದ ಇಳಿತ ಅಳೆಯಲು ಹೋಲಿಸುವ ಎರಡು ಚಿತ್ರಗಳ ಲೆಕ್ಕ ಸರಿಯಾಗಿ ಕೂಡುವುದಿಲ್ಲ. ಆರ್‌ಸಿಸಿ ಮಾಳಿಗೆ, ಸೇತುವೆ, ಬರಿ ಬಂಡೆ ಇದ್ದಲ್ಲಿ ಕೂಡುತ್ತದೆ. ಯಾವ ಮನೆ ಯಾವಾಗ ಕಟ್ಟಿದ್ದು, ಯಾವ ಹೊಲ ಯಾವಾಗ ಉತ್ತಿದ್ದು ಎಂದು ಹೇಳಬಲ್ಲವಳು ನೀನು. ಈ ಭಾಗದ ಹಳೆ ಬಾವಿ ತೋಡುವವರನ್ನೂ ತಂಡಕ್ಕೆ ಸೇರಿಸಿಕೋ. ಕೆಂಪು ಮಣ್ಣಿನ ಪದರ ಎಲ್ಲಿ ಸಿಕ್ಕಿತು, ದಂಡೆ ಎಲ್ಲಿ ಜರಿಯಿತು, ಅವರಿಗೆ ಬಾಯಿಪಾಠ. ಅವರ ಹೆಸರೂ ವರದಿಯಲ್ಲಿ ಬರಲಿ ಅಂತ ಹಟ ಹಿಡಿ.

ಒಪ್ಪಂದ ಬಾಯಿಮಾತಿನಲ್ಲಿ ಬಿಡಬೇಡ. 2023ರ ಜನವರಿಯಲ್ಲಿ ಹಿಮಾಲಯದ ಜೋಶಿಮಠ ಪಟ್ಟಣ 12 ದಿನದಲ್ಲಿ 5.4 ಸೆಂಟಿಮೀಟರ್ ಇಳಿಯಿತೆಂದು ಇಸ್ರೋದ ದೂರಸಂವೇದಿ ಕೇಂದ್ರದ ವರದಿ ಬಂತು, ಕೆಲವೇ ದಿನದಲ್ಲಿ ಹಿಂದಕ್ಕೆ ಹೋಯಿತು. ಸಂಸ್ಥೆಗಳು ಮಾಧ್ಯಮದವರ ಜೊತೆ ಮಾತಾಡಬಾರದೆಂದು ಸೂಚನೆಯೂ ಹೊರಟಿತು. ಅಲ್ಲಿ ಮನೆ ಬಿಟ್ಟವರಿಗೆ ಆ ಅಂಕಿ ಎಲ್ಲರಿಗಿಂತ ಹೆಚ್ಚು ಬೇಕಿತ್ತು. ಹಾಗಾಗಿ ಮೊದಲ ದಿನವೇ ಬರೆಸಿಕೋ: ಅಳತೆಗಳ ಒಂದು ಪ್ರತಿ ಊರಲ್ಲಿ ಉಳಿಯಬೇಕು, ಫಲಿತಾಂಶವನ್ನು ಗ್ರಾಮಸಭೆಯಲ್ಲಿ ಮರಾಠಿಯಲ್ಲೂ ಕನ್ನಡದಲ್ಲೂ ಅವರೇ ಬಂದು ಹೇಳಬೇಕು, ಕುಸಿತ ಇಲ್ಲ ಅಂತ ಕಂಡುಬಂದರೂ ಹೇಳಬೇಕು. ಇದಕ್ಕೆ ಒಪ್ಪುವವರ ಜೊತೆಗೇ ಕೆಲಸ ಮಾಡು. ಮೊಳೆಯ ವಹಿಯ ಮೊದಲ ಎರಡು ತಿಂಗಳ ಪುಟ ನನಗೆ ಕಳಿಸು, ನೋಡುತ್ತೇನೆ.

ನಿನ್ನ ಕಾಕಾ