ಕಪಾಟಿನೊಳಗಿನ ಯಂತ್ರಕ್ಕೆ ಕಾಣದ ಕರೆ

ದೂರದಲ್ಲಿರುವ ವಸ್ತುವನ್ನು ಕುಳಿತಲ್ಲಿಂದಲೇ ಆಡಿಸಬೇಕೆಂಬ ಬಯಕೆ ಮನುಷ್ಯನಿಗೆ ಹೊಸದಲ್ಲ. ನಮ್ಮ ಕಥೆಗಳಲ್ಲಿ ಮಂತ್ರವಾದಿಯು ತುಟಿಯಲುಗಿಸಿದ ಮಾತ್ರಕ್ಕೆ ಬಾಗಿಲು ತೆರೆಯುತ್ತದೆ, ದೀಪ ಹೊತ್ತಿಕೊಳ್ಳುತ್ತದೆ. ಇಂದು ಅಂಥ ಕೆಲಸವನ್ನು ಅಂಗೈಯಲ್ಲಿ ಹಿಡಿಯುವ ಒಂದು ಸಣ್ಣ ಉಪಕರಣ ಮಾಡುತ್ತಿದೆ. ಅದನ್ನು ರಿಮೋಟ್ ಅಥವಾ ದೂರನಿಯಂತ್ರಕ ಎಂದು ಕರೆಯುತ್ತೇವೆ. ಗುಂಡಿಯನ್ನು ಒತ್ತಿದೊಡನೆ ದೂರದರ್ಶನದ ಚಿತ್ರ ಬದಲಾಗುತ್ತದೆ. ಹಾಡಿನ ದನಿ ಏರುತ್ತದೆ, ಇಳಿಯುತ್ತದೆ. ಆದರೆ ಅದೇ ಯಂತ್ರವನ್ನು ಮರದ ಕಪಾಟಿನಲ್ಲಿಟ್ಟು ಬಾಗಿಲು ಮುಚ್ಚಿದರೆ ಎಷ್ಟು ಒತ್ತಿದರೂ ಅದು ಓಗೊಡುವುದಿಲ್ಲ. ಹೀಗೇಕೆ? ಮರೆಯಲ್ಲಿರುವ ಯಂತ್ರಕ್ಕೆ ನಮ್ಮ ಆಜ್ಞೆಯನ್ನು ಮುಟ್ಟಿಸುವ ಬಗೆ ಯಾವುದು? ಇದನ್ನು ತಿಳಿಯಬೇಕಾದರೆ ದೂರನಿಯಂತ್ರಣದ ಚರಿತ್ರೆಯನ್ನು ಸ್ವಲ್ಪ ಹಿಂದಿನಿಂದ ನೋಡಬೇಕು.

1898ರಲ್ಲಿ ನಿಕೋಲಾ ಟೆಸ್ಲಾ ಎಂಬ ವಿಜ್ಞಾನಿಯು ನ್ಯೂಯಾರ್ಕ್ ನಗರದಲ್ಲಿ ಒಂದು ಚಿಕ್ಕ ದೋಣಿಯನ್ನು ಕೈಯಿಂದ ಮುಟ್ಟದೆ, ರೇಡಿಯೋ ಅಲೆಗಳ ಸಹಾಯದಿಂದ ನೀರಿನಲ್ಲಿ ತಿರುಗಿಸಿ ತೋರಿಸಿದನು. ಆ ತತ್ತ್ವವು ಮನೆಯ ದೂರದರ್ಶನಕ್ಕೆ ಬರಲು ಅರ್ಧ ಶತಮಾನವೇ ಬೇಕಾಯಿತು. ಅಮೆರಿಕದ ಜೆನಿತ್ ಎಂಬ ಸಂಸ್ಥೆಯು 1950ರಲ್ಲಿ ಒಂದು ನಿಯಂತ್ರಕವನ್ನು ಮಾರುಕಟ್ಟೆಗೆ ತಂದಿತು. ಆದರೆ ಅದರಿಂದ ಯಂತ್ರದವರೆಗೆ ಒಂದು ತಂತಿ ನೆಲದ ಮೇಲೆ ಹರಿದಿರುತ್ತಿತ್ತು. ಮನೆಯವರು ಅದಕ್ಕೆ ಕಾಲು ತೊಡರಿಸಿಕೊಳ್ಳುವುದು ಸಾಮಾನ್ಯವಾಯಿತು.

ಅದೇ ಸಂಸ್ಥೆಯ ಯೂಜೀನ್ ಪಾಲಿ ಎಂಬವರು 1955ರಲ್ಲಿ ತಂತಿಯಿಲ್ಲದ ಉಪಕರಣವೊಂದನ್ನು ರೂಪಿಸಿದರು. ದೂರದರ್ಶನದ ತೆರೆಯ ನಾಲ್ಕು ಮೂಲೆಗಳಲ್ಲಿ ಬೆಳಕನ್ನು ಗುರುತಿಸುವ ಕಣ್ಣುಗಳಿದ್ದವು. ಟಾರ್ಚಿನಂಥ ದೀಪವನ್ನು ಯಾವ ಮೂಲೆಗೆ ಹಿಡಿದರೆ ಆ ಮೂಲೆಯ ಕೆಲಸ ನಡೆಯುತ್ತಿತ್ತು. ಉಪಾಯವೇನೋ ಚೆನ್ನಾಗಿತ್ತು. ಆದರೆ ಕಿಟಕಿಯಿಂದ ಬಿಸಿಲು ಬಿದ್ದಾಗ ಯಂತ್ರವು ತಾನಾಗಿಯೇ ಕಾರ್ಯಕ್ರಮವನ್ನು ಬದಲಿಸತೊಡಗಿತು! ಸೂರ್ಯನ ಬೆಳಕು ಯಾವುದು, ಒಡೆಯನ ದೀಪದ ಬೆಳಕು ಯಾವುದು ಎಂಬ ವಿವೇಚನೆ ಆ ಕಣ್ಣುಗಳಿಗೆ ಇರಲಿಲ್ಲ.

ಹಾಗಾದರೆ ರೇಡಿಯೋ ಅಲೆಗಳನ್ನೇ ಬಳಸಬಹುದಿತ್ತಲ್ಲವೆ? ಅವು ಗೋಡೆಯನ್ನು ದಾಟಿ ಹೋಗುತ್ತವೆ. ನಮ್ಮ ಮನೆಯ ಗುಂಡಿಯನ್ನು ಒತ್ತಿದರೆ ನೆರೆಮನೆಯ ದೂರದರ್ಶನವೂ ಬದಲಾಗುವ ಸಂಭವವಿತ್ತು. ಆದ್ದರಿಂದ ರಾಬರ್ಟ್ ಆಡ್ಲರ್ ಎಂಬ ವಿಜ್ಞಾನಿಯು 1956ರಲ್ಲಿ ಶಬ್ದದ ಮೊರೆಹೊಕ್ಕರು. ಅವರ ಉಪಕರಣದೊಳಗೆ ನಾಲ್ಕು ಅಲ್ಯೂಮಿನಿಯಮ್ ಸರಳುಗಳಿದ್ದವು. ಗುಂಡಿಯನ್ನು ಒತ್ತಿದಾಗ ಒಂದು ಪುಟ್ಟ ಸುತ್ತಿಗೆಯು ಸರಳನ್ನು ಬಡಿಯುತ್ತಿತ್ತು. ಸರಳು ಸೆಕೆಂಡಿಗೆ ಸುಮಾರು 40,000 ಸಲ ಕಂಪಿಸುತ್ತಿತ್ತು. ಮನುಷ್ಯನ ಕಿವಿಗೆ ಕೇಳುವುದು ಹೆಚ್ಚೆಂದರೆ 20,000 ಕಂಪನಗಳವರೆಗಿನ ಧ್ವನಿ. ಆದ್ದರಿಂದ ಈ ಶ್ರವಣಾತೀತ ಧ್ವನಿಯು ಯಂತ್ರಕ್ಕೆ ಮಾತ್ರ ಕೇಳುತ್ತಿತ್ತು. ಈ ನಿಯಂತ್ರಕಕ್ಕೆ ವಿದ್ಯುತ್ಕೋಶವೇ ಬೇಕಿರಲಿಲ್ಲ. ಇಂಥ ಶ್ರವಣಾತೀತ ಧ್ವನಿಯ ನಿಯಂತ್ರಕಗಳು ಕಾಲು ಶತಮಾನದಷ್ಟು ಕಾಲ ಬಳಕೆಯಲ್ಲಿದ್ದವು. ಲೋಹದ ವಸ್ತುಗಳು ಝಣಝಣಿಸಿದರೂ ಯಂತ್ರವು ಕೆಲವೊಮ್ಮೆ ಮೋಸಹೋಗುತ್ತಿದ್ದುದು ಇವುಗಳ ದೋಷ.

1980ರ ದಶಕದಲ್ಲಿ ಇವುಗಳ ಸ್ಥಾನವನ್ನು ಅವಕೆಂಪು ಕಿರಣಗಳು ಆಕ್ರಮಿಸಿದವು. 1800ರಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳವಿಜ್ಞಾನಿಯು ಸೂರ್ಯನ ಬೆಳಕನ್ನು ಬಣ್ಣಗಳಾಗಿ ಒಡೆದು, ಕೆಂಪಿನ ಆಚೆ ಏನೂ ಕಾಣದ ಸ್ಥಳದಲ್ಲಿ ಉಷ್ಣಮಾಪಕವನ್ನಿಟ್ಟು ಈ ಕಿರಣಗಳನ್ನು ಪತ್ತೆಹಚ್ಚಿದ್ದನು. ರಿಮೋಟಿನ ಮುಂತುದಿಯಲ್ಲಿ ಒಂದು ಸಣ್ಣ ಎಲ್‌ಇಡಿ ದೀಪವಿರುತ್ತದೆ. ಅದು ಬೀರುವ ಕಿರಣದ ತರಂಗದೂರ ಸಾಮಾನ್ಯವಾಗಿ ಸುಮಾರು 940 ನ್ಯಾನೋಮೀಟರ್. ನಮ್ಮ ಕಣ್ಣಿಗೆ ಅದು ಕಾಣದು.

ಬಿಸಿಲಿನಲ್ಲಿಯೂ ಅವಕೆಂಪು ಕಿರಣಗಳಿವೆಯಲ್ಲ, ಹಿಂದಿನ ತೊಂದರೆಯೇ ಮರಳಿ ಬರಲಿಲ್ಲವೆ? ಇಲ್ಲ. ಇಲ್ಲಿಯೇ ಹೊಸ ವಿಧಾನದ ಜಾಣ್ಮೆಯಿದೆ. ರಿಮೋಟಿನ ದೀಪವು ಸುಮ್ಮನೆ ಉರಿಯುವುದಿಲ್ಲ; ಸೆಕೆಂಡಿಗೆ ಸಾಮಾನ್ಯವಾಗಿ 38,000 ಸಲ ಮಿನುಗುತ್ತದೆ. ಈ ವೇಗದಲ್ಲಿ ಮಿನುಗುವ ಬೆಳಕಿಗೆ ಮಾತ್ರ ಯಂತ್ರದ ಗ್ರಾಹಕವು ಕಿವಿಗೊಡುತ್ತದೆ. ಒಂದೇ ಸಮನೆ ಬೀಳುವ ಬಿಸಿಲನ್ನು ಅದು ಲೆಕ್ಕಿಸುವುದಿಲ್ಲ. ಈ ಮಿನುಗು ಕೂಡ ತಂಡತಂಡವಾಗಿ, ನಡುನಡುವೆ ಬಿಡುವು ಕೊಟ್ಟು ಬರುತ್ತದೆ. ಬಹಳ ಬಳಕೆಯಲ್ಲಿರುವ ಒಂದು ಪದ್ಧತಿಯಲ್ಲಿ ಬಿಡುವು ಚಿಕ್ಕದಾದರೆ ಸೊನ್ನೆ, ದೊಡ್ಡದಾದರೆ ಒಂದು ಎಂದು ಅರ್ಥ. ಹೀಗೆ 32 ಅಂಕಗಳ ಒಂದು ಸಂಕೇತವು ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತ ಕಡಮೆ ಅವಧಿಯಲ್ಲಿ ರವಾನೆಯಾಗುತ್ತದೆ. ಅದರ ಮೊದಲ ಭಾಗ ವಿಳಾಸ, ಎರಡನೆಯ ಭಾಗ ಆಜ್ಞೆ. ವಿಳಾಸ ತನ್ನದಲ್ಲವಾದರೆ ಯಂತ್ರವು ಸುಮ್ಮನಿರುತ್ತದೆ.

ಅವಕೆಂಪು ಕಿರಣವೂ ಬೆಳಕಿನ ಜಾತಿಯದೇ. ಅದು ಗಾಜಿನ ಮೂಲಕ ಹಾಯುತ್ತದೆ. ಬಿಳಿಯ ಗೋಡೆಗೆ ಬಿದ್ದು ಪ್ರತಿಫಲಿಸುತ್ತದೆ. ಮರದ ಹಲಗೆಯನ್ನು ಮಾತ್ರ ದಾಟಲಾರದು. ನೆರೆಮನೆಯವರಿಗೆ ತೊಂದರೆಯಾಗದಂತೆ ಕಾಪಾಡಿದ ಗುಣವೇ ಈಗ ಅಡ್ಡಿಯಾಯಿತು. ಗುಣವೆಂಬುದು ವಸ್ತುವಿನಲ್ಲಿಲ್ಲ, ಅದರ ಬಳಕೆಯಲ್ಲಿದೆ ಎಂಬುದಕ್ಕೆ ಇದೊಂದು ನಿದರ್ಶನ.

ಕಪಾಟಿನ ಬಾಗಿಲು ಗಾಜಿನದಾದರೆ ಸಮಸ್ಯೆಯೇ ಇಲ್ಲ. ಮರದ್ದಾದರೆ ಮೂರು ಮಾರ್ಗಗಳಿವೆ. ಮೊದಲನೆಯದು ಅವಕೆಂಪು ಪುನಃಪ್ರಸಾರಕ. ಗುಂಡಿಯಷ್ಟು ಚಿಕ್ಕದಾದ ಒಂದು ಗ್ರಾಹಕವನ್ನು ಕಪಾಟಿನ ಹೊರಗೆ, ರಿಮೋಟಿಗೆ ಕಾಣುವಂತೆ ಕೂರಿಸುತ್ತಾರೆ. ಅದು ಬೆಳಕಿನ ಮಿನುಗನ್ನು ವಿದ್ಯುತ್ತಾಗಿ ಬದಲಿಸಿ ತಂತಿಯ ಮೂಲಕ ಒಳಗೆ ಕಳುಹಿಸುತ್ತದೆ. ಒಳಗೆ ಒಂದು ವರ್ಧಕವು ಅದಕ್ಕೆ ಬಲ ತುಂಬುತ್ತದೆ. ಕೊನೆಯಲ್ಲಿ, ಪ್ರತಿಯೊಂದು ಯಂತ್ರದ ಮುಂದೆ ಅಂಟಿಸಿದ ಮಣಿಯಂಥ ದೀಪವು ಅದೇ ಮಿನುಗನ್ನು ಮತ್ತೆ ಬೀರುತ್ತದೆ. ಅಂಚೆಯವನು ಕಾಗದವನ್ನು ಓದದೆಯೇ ವಿಳಾಸದಾರನಿಗೆ ತಲಪಿಸುವಂತೆ, ಈ ಪುನಃಪ್ರಸಾರಕವು ಸಂಕೇತದ ಅರ್ಥವನ್ನು ತಿಳಿಯದೆಯೇ ಒಳಗೆ ಮುಟ್ಟಿಸುತ್ತದೆ. ಆದರೆ ಒಳಗಿನ ದೀಪದ ಬೆಳಕು ಹೊರಗಿನ ಗ್ರಾಹಕಕ್ಕೆ ಸೋರಬಾರದು. ಸೋರಿದರೆ, ಧ್ವನಿವರ್ಧಕದ ಎದುರು ಮೈಕನ್ನು ಹಿಡಿದಾಗ ಕೀರಲು ಸದ್ದು ಹುಟ್ಟುವಂತೆ, ಸಂಕೇತವು ಸುತ್ತಿ ಸುತ್ತಿ ಕೆಟ್ಟುಹೋಗುತ್ತದೆ.

ಎರಡನೆಯದು ರೇಡಿಯೋ ಅಲೆಗಳ ಮಾರ್ಗ. ಅವು ಮರವನ್ನು ದಾಟಬಲ್ಲವು. ಕಪಾಟಿನೊಳಗಿನ ಒಂದು ಪೆಟ್ಟಿಗೆಯು ಅವನ್ನು ಗ್ರಹಿಸಿ ಅವಕೆಂಪು ಸಂಕೇತವಾಗಿ ಪರಿವರ್ತಿಸುತ್ತದೆ. ಬ್ಲೂಟೂತ್ ರಿಮೋಟ್‌ಗಳಲ್ಲಿ ಯಂತ್ರವೇ ರೇಡಿಯೋ ಅಲೆಗಳನ್ನು ನೇರವಾಗಿ ಗ್ರಹಿಸುತ್ತದೆ. ಇಲ್ಲಿ ರಿಮೋಟನ್ನೂ ಯಂತ್ರವನ್ನೂ ಮೊದಲೇ ಜೋಡಿ ಮಾಡಿರುವುದರಿಂದ ನೆರೆಮನೆಯ ಭಯವಿಲ್ಲ. ಮೂರನೆಯದು, ಚಿತ್ರವನ್ನು ಸಾಗಿಸುವ ಎಚ್‌ಡಿಎಂಐ ತಂತಿಯಲ್ಲಿಯೇ ಆಜ್ಞೆಯನ್ನೂ ಕಳುಹಿಸುವುದು. ಯಂತ್ರಗಳಲ್ಲಿ ಆ ಸೌಲಭ್ಯವಿದ್ದರೆ, ಹೊರಗಿನ ದೂರದರ್ಶನಕ್ಕೆ ಕೊಟ್ಟ ಆಜ್ಞೆಯನ್ನು ಅದೇ ಒಳಗಿನವರಿಗೆ ತಿಳಿಸುತ್ತದೆ.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಅನೇಕ ರಿಮೋಟ್‌ಗಳಲ್ಲಿ ಯಂತ್ರವನ್ನು ಹೊತ್ತಿಸುವುದಕ್ಕೂ ಆರಿಸುವುದಕ್ಕೂ ಒಂದೇ ಗುಂಡಿ, ಒಂದೇ ಸಂಕೇತ. ಯಂತ್ರ ಕಣ್ಣೆದುರಿಗಿದ್ದರೆ ಅದರ ಸ್ಥಿತಿ ತಿಳಿಯುತ್ತದೆ. ಮರೆಯಲ್ಲಿದ್ದರೆ ಆರಿಸಲೆಂದು ಒತ್ತಿದವನು ಹೊತ್ತಿಸಿಯೇ ಹೋಗಬಹುದು. ಧ್ವನಿವರ್ಧಕ ಯಂತ್ರವು ಚಾಲನೆಯಲ್ಲಿರುವಾಗ ಸಾಕಷ್ಟು ಶಾಖವನ್ನು ಹೊರಚೆಲ್ಲುತ್ತದೆ. ಮುಚ್ಚಿದ ಕಪಾಟಿನಲ್ಲಿ ಆ ಶಾಖಕ್ಕೆ ಹೊರದಾರಿಯಿಲ್ಲದಿದ್ದರೆ ಯಂತ್ರ ಹಾಳಾಗುತ್ತದೆ. ಬೆಂಕಿಯ ಅಪಾಯವೂ ಇಲ್ಲದಿಲ್ಲ. ಬಿಸಿಗಾಳಿಯು ಮೇಲಕ್ಕೇರುವುದರಿಂದ ಕಪಾಟಿನ ಕೆಳಭಾಗದಲ್ಲಿಯೂ ಮೇಲ್ಭಾಗದಲ್ಲಿಯೂ ಗಾಳಿಕಂಡಿಗಳನ್ನು ಬಿಡಬೇಕು. ಹೊತ್ತಿಸಲು ಮತ್ತು ಆರಿಸಲು ಬೇರೆಬೇರೆ ಸಂಕೇತಗಳಿರುವ ರಿಮೋಟ್ ಇದ್ದರೆ ಮತ್ತಷ್ಟು ಕ್ಷೇಮ. ಕಣ್ಣಿಗೆ ಕಾಣದುದನ್ನು ಆಳುವವನು ಕಂಡದ್ದನ್ನು ಆಳುವವನಿಗಿಂತ ಹೆಚ್ಚು ಎಚ್ಚರದಿಂದಿರಬೇಕು.

ಈ ವಿಜ್ಞಾನದ ಒಂದು ತುಣುಕನ್ನು ನೀವೇ ಪರೀಕ್ಷಿಸಿ ನೋಡಬಹುದು. ರಿಮೋಟಿನ ಮುಂತುದಿಯನ್ನು ಮೊಬೈಲ್ ಫೋನಿನ ಕ್ಯಾಮೆರಾಕ್ಕೆ ಹಿಡಿದು ಗುಂಡಿಯನ್ನು ಒತ್ತಿರಿ. ಬರಿಗಣ್ಣಿಗೆ ಕಾಣದ ಬೆಳಕು ಅನೇಕ ಫೋನುಗಳ ತೆರೆಯ ಮೇಲೆ ನಸುನೇರಳೆಯ ಮಿಂಚಾಗಿ ಕಾಣುತ್ತದೆ. ಅನಂತರ ರಿಮೋಟನ್ನು ಯಂತ್ರದ ಕಡೆಗಲ್ಲದೆ ಎದುರಿನ ಗೋಡೆಗೆ ಹಿಡಿದು ಒತ್ತಿರಿ. ಕಿರಣವು ಗೋಡೆಯಿಂದ ಹಿಂದಿರುಗಿ ತನ್ನ ಕೆಲಸ ಮಾಡುವುದುಂಟು. ಕೊನೆಗೆ ನಡುವೆ ಒಂದು ರಟ್ಟನ್ನು ಅಡ್ಡ ಹಿಡಿಯಿರಿ. ಕಪಾಟಿನ ಬಾಗಿಲು ಮಾಡುವುದೇನೆಂಬುದು ಆಗ ತಾನಾಗಿ ತಿಳಿಯುತ್ತದೆ.

ಕುಳಿತಲ್ಲಿಂದ ಏಳದಿರುವುದು ಸೋಮಾರಿತನವಲ್ಲವೆ ಎಂದು ಹಿರಿಯರು ಕೇಳಿಯಾರು. ಆರೋಗ್ಯವಂತನಿಗೆ ಆ ಮಾತು ಒಪ್ಪುತ್ತದೆ. ಆದರೆ ಹಾಸಿಗೆ ಹಿಡಿದ ಅಜ್ಜಿಗೆ, ನಡೆಯಲಾರದ ಮಗುವಿಗೆ ಇದು ಸೋಮಾರಿತನದ ಸಾಧನವಲ್ಲ. ತನಗೆ ಬೇಕಾದ ಹಾಡನ್ನು ಕೇಳಲು, ಸಾಕೆನಿಸಿದಾಗ ನಿಲ್ಲಿಸಲು ಇನ್ನೊಬ್ಬರನ್ನು ಕೂಗಬೇಕಾಗಿಲ್ಲವೆಂಬುದೇ ಅವರಿಗೆ ದೊಡ್ಡ ಸ್ವಾತಂತ್ರ್ಯ. ಒಂದು ಗುಂಡಿಯ ಹಿಂದೆ ಇಷ್ಟು ಜನರ ದುಡಿಮೆಯೂ, ಸೋಲನ್ನು ತಿದ್ದಿಕೊಂಡು ಮುಂದುವರಿದ ಇಷ್ಟು ಪ್ರಯೋಗಗಳೂ ಇವೆ ಎಂಬುದನ್ನು ಅರಿತು ಅದನ್ನು ಒತ್ತುವವನು, ಯಂತ್ರದ ದಾಸನಾಗದೆ ಒಡೆಯನಾಗಿ ಉಳಿಯುತ್ತಾನೆ.