ಒಣ ಅವರೆಕಾಳು ಏಕೆ ಬೇಯುವುದಿಲ್ಲ? ಮಾಂಸದೊಡನೆ ಹದವಾಗಿ ಬೇಯಿಸುವ ಕ್ರಮ

ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ ಬೆಳೆಯುವುದು ದಕ್ಷಿಣ ಕರ್ನಾಟಕದ ಖುಷ್ಕಿ ಬೇಸಾಯದಲ್ಲಿ ಹಿಂದಿನಿಂದ ನಡೆದು ಬಂದ ಪದ್ಧತಿ. ಚಳಿಗಾಲದಲ್ಲಿ ಸೊಗಡಿನ ಹಸಿ ಅವರೆಯ ರುಚಿ ನೋಡಿ ಮುಗಿದ ಮೇಲೆ, ಗಿಡದಲ್ಲೇ ಒಣಗಿದ ಕಾಯಿಗಳನ್ನು ಬಡಿದು ಕಾಳು ಮಾಡಿ ವರ್ಷದ ಸಾರಿಗೆಂದು ಕೂಡಿಡುತ್ತೇವೆ. ಒಣ ಅವರೆಯಲ್ಲಿ ಶೇಕಡ 20 ರಿಂದ 25 ರಷ್ಟು ಸಸಾರಜನಕ ಇದೆ. ಮಾಂಸ ಕೊಳ್ಳುವುದು ದುಬಾರಿಯಾದಾಗ, ಅರ್ಧ ಕಿಲೋ ಮಾಂಸಕ್ಕೆ ಒಂದಿಷ್ಟು ಕಾಳು ಸೇರಿಸಿದರೆ ಆರು ಜನರ ಹೊಟ್ಟೆ ತುಂಬುತ್ತದೆ. ಆದರೆ ಈ ಕಾಳು ಬೆಂದರೆ ಮಾತ್ರ ಪ್ರಯೋಜನ.

ಕೋಲಾರ ಜಿಲ್ಲೆಯ ಹಳ್ಳಿಯೊಂದಕ್ಕೆ ಅವರೆ ಬೆಳೆ ನೋಡಲು ಹೋಗಿದ್ದಾಗ ರೈತ ಮಹಿಳೆಯೊಬ್ಬರು ಕೇಳಿದ ಪ್ರಶ್ನೆ ಹೀಗಿತ್ತು: “ನಮ್ಮ ಹೊಲದ ಕಾಳೇ ಸ್ವಾಮಿ. ರಾತ್ರಿಯೆಲ್ಲ ನೆನೆಹಾಕಿದ್ದೆ. ಬೀಗರು ಬಂದು ಕೂತಿದ್ದರು. ಮಾಂಸ ಬೆಂದು ನಾರುನಾರಾಯಿತು, ಕಾಳು ಮಾತ್ರ ಕಲ್ಲಿನ ಹಾಗೇ ಇತ್ತು. ನಿನಗೆ ಅಡುಗೆ ಬರೋದಿಲ್ಲ ಅಂತ ನಮ್ಮತ್ತೆ ಎಲ್ಲರ ಮುಂದೆ ಅಂದುಬಿಟ್ಟರು. ನಾನು ಮಾಡಿದ ತಪ್ಪೇನು?”

ವಿಚಾರಿಸಿದಾಗ ತಿಳಿದುದು ಇಷ್ಟು. ಕಾಳಿನ ಚೀಲ ಹಿಂದಿನ ವರ್ಷದಿಂದಲೂ ತಗಡಿನ ಛಾವಣಿಗೆ ತಗುಲಿದಂತಿದ್ದ ಅಟ್ಟದಲ್ಲಿತ್ತು. ಅಡುಗೆಗೆ ಕೊಳವೆ ಬಾವಿಯ ನೀರು. ಟೊಮ್ಯಾಟೊವನ್ನು ಮಾಂಸದ ಜೊತೆ ಮೊದಲೇ ಹುರಿದು, ಅದಕ್ಕೆ ಕಾಳು ಹಾಕಿದ್ದರು. ಕಾಳು ಬೇಯದಿರಲು ಈ ಮೂರರಲ್ಲಿ ಒಂದೇ ಸಾಕು. ಅಲ್ಲಿ ಮೂರೂ ಸೇರಿದ್ದವು. ಕಾಳು ಬೇಯದಿದ್ದರೆ ಬೆಂಕಿಯನ್ನೋ ಅಡುಗೆಯವರನ್ನೋ ದೂರುವುದಕ್ಕಿಂತ ಮೊದಲು ದಾಸ್ತಾನು, ನೀರು ಮತ್ತು ಹುಳಿ ಈ ಮೂರನ್ನು ಪರೀಕ್ಷಿಸಬೇಕು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಕಾಳು ಗಟ್ಟಿಯಾಗುವುದು ಹೇಗೆ?

ಕಾಳಿನ ಒಳಗಿರುವ ಸಣ್ಣ ಸಣ್ಣ ಕೋಶಗಳನ್ನು ಪೆಕ್ಟಿನ್ ಎಂಬ ಅಂಟು ಒಂದಕ್ಕೊಂದು ಹಿಡಿದಿರುತ್ತದೆ. ಬೇಯುವಾಗ ಈ ಅಂಟು ಕರಗಿ ಕೋಶಗಳು ಬಿಡಿಬಿಡಿಯಾಗುತ್ತವೆ. ಕಾಳು ಬೆರಳಿಗೆ ಹಿಸುಕಿದಂತಾಗುವುದು ಆಗಲೇ. ಹೊಸ ಕಾಳಿನಲ್ಲಿ ಸುಣ್ಣದಂಶ (ಕ್ಯಾಲ್ಸಿಯಂ) ಮತ್ತು ಮೆಗ್ನೀಸಿಯಂ ಲವಣಗಳ ಬಹುಭಾಗವನ್ನು ಫೈಟೇಟ್ ಎಂಬ ವಸ್ತು ತನ್ನಲ್ಲಿ ಕಟ್ಟಿಟ್ಟುಕೊಂಡಿರುತ್ತದೆ. ಸೆಕೆ ಮತ್ತು ತೇವ ಎರಡೂ ಇರುವ ಕಡೆ ಕಾಳನ್ನು ತಿಂಗಳುಗಟ್ಟಲೆ ಇಟ್ಟರೆ ಈ ಫೈಟೇಟ್ ಒಡೆಯುತ್ತದೆ. ಬಿಡುಗಡೆಯಾದ ಸುಣ್ಣದಂಶ ಪೆಕ್ಟಿನ್ ಅಂಟಿಗೆ ಹೋಗಿ ಸೇರುತ್ತದೆ. ಸುಣ್ಣ ಸೇರಿದ ಗಾರೆ ಬಿಗಿಯುವಂತೆ ಕಾಳಿನ ಒಳಗೂ ಬಿಗಿಯುತ್ತದೆ. ಇಂತಹ ಕಾಳು ನೆನೆದು ಉಬ್ಬುತ್ತದೆ, ಆದರೆ ಎಷ್ಟು ಕುದಿಸಿದರೂ ಮೆತ್ತಗಾಗದು.

ಇನ್ನೊಂದು ಬಗೆಯ ಗಟ್ಟಿತನವೂ ಉಂಟು. ಕಾಳನ್ನು ಅತಿಯಾಗಿ ಒಣಗಿಸಿದರೆ ಸಿಪ್ಪೆ ನೀರನ್ನೇ ಒಳಗೆ ಬಿಡುವುದಿಲ್ಲ. ಅಂತಹ ಕಾಳು ರಾತ್ರಿಯಿಡೀ ನೆನೆದರೂ ಉಬ್ಬದೆ ಹಾಗೆಯೇ ಉಳಿಯುತ್ತದೆ. ಈ ಎರಡು ದೋಷಗಳಿಗೆ ಕಾರಣವೂ ಬೇರೆ, ಪರಿಹಾರವೂ ಬೇರೆ.

ಗಡಸು ನೀರಿನಲ್ಲಿಯೂ ಸುಣ್ಣ ಮತ್ತು ಮೆಗ್ನೀಸಿಯಂ ಲವಣಗಳಿವೆ. ಕಾಳು ಬೇಯುವಾಗ ಅವೂ ಪೆಕ್ಟಿನ್ ಅಂಟನ್ನು ಬಿಗಿ ಮಾಡುತ್ತವೆ. ಹುಣಸೆಹಣ್ಣು, ಟೊಮ್ಯಾಟೊ, ಮೊಸರು ಮುಂತಾದ ಹುಳಿ ಪದಾರ್ಥಗಳು ಅಂಟು ಕರಗದಂತೆ ತಡೆಯುತ್ತವೆ. ಬೆಲ್ಲವೂ ಕಾಳನ್ನು ಬೇಗ ಬೇಯಲು ಬಿಡುವುದಿಲ್ಲ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ

ಬಂಧು ಬಳಗ ಬರುವ ದಿನಕ್ಕೆ ಮೊದಲೇ ಈ ಪರೀಕ್ಷೆ ಮಾಡಿ ನೋಡಿರಿ. ಚೀಲದ ಮೇಲೆ, ನಡುವೆ ಮತ್ತು ತಳದಿಂದ ಸ್ವಲ್ಪ ಸ್ವಲ್ಪ ಕಾಳು ತೆಗೆದು ಬೆರೆಸಿ, 100 ಕಾಳು ಎಣಿಸಿಕೊಳ್ಳಿ. 12 ಗಂಟೆಗಳ ಕಾಲ ಬರಿಯ ನೀರಿನಲ್ಲಿ ನೆನೆಹಾಕಿ. ಬೆಳಿಗ್ಗೆ ಉಬ್ಬದೆ ಉಳಿದ ಕಾಳುಗಳನ್ನು ಎಣಿಸಿ. ಅವು ಹತ್ತಕ್ಕಿಂತ ಹೆಚ್ಚಿದ್ದರೆ ನಿಮ್ಮ ಕಾಳಿನಲ್ಲಿ ಸಿಪ್ಪೆಯ ದೋಷ ಗಮನಿಸುವಷ್ಟಿದೆ ಎಂದು ತಿಳಿಯಬಹುದು.

ಉಬ್ಬಿದ ಕಾಳುಗಳನ್ನು ಎರಡು ಸಮಪಾಲು ಮಾಡಿ. ಒಂದು ಪಾಲನ್ನು ಹಿಡಿದಿಟ್ಟ ಮಳೆನೀರಿನಲ್ಲಿ, ಇನ್ನೊಂದನ್ನು ನೀವು ದಿನವೂ ಬಳಸುವ ನೀರಿನಲ್ಲಿ, ಒಂದೇ ಅಳತೆಯ ಪಾತ್ರೆಗಳಲ್ಲಿ ಒಂದು ಗಂಟೆ ಕುದಿಸಿರಿ. ಉಪ್ಪು, ಹುಳಿ ಏನನ್ನೂ ಹಾಕಬೇಡಿ. ಮಳೆನೀರಿನ ಕಾಳು ಬೆಂದು ಇನ್ನೊಂದು ಬೇಯದಿದ್ದರೆ ದೋಷ ನೀರಿನದು. ಎರಡೂ ಬೇಯದಿದ್ದರೆ ದೋಷ ದಾಸ್ತಾನಿನದು. ಎರಡೂ ಬೆಂದು, ಸಾರಿನಲ್ಲಿ ಮಾತ್ರ ಕಾಳು ಗಟ್ಟಿಯಾಗಿ ಉಳಿಯುತ್ತಿದ್ದರೆ ನೀವು ಹುಳಿಯನ್ನು ಬೇಗ ಹಾಕುತ್ತಿದ್ದೀರಿ ಎಂದರ್ಥ.

ಪರಿಹಾರಗಳು

1. ಉಬ್ಬದ ಕಾಳನ್ನು ನೆನೆಸಿದ ಮೇಲೆ ಆರಿಸಿ ತೆಗೆಯಿರಿ. ಅದನ್ನು ಚೆನ್ನಾಗಿ ಒಣಗಿಸಿ, ಬೀಸುವ ಕಲ್ಲಿನಲ್ಲಿ ಒಡೆದು ಬೇಳೆ ಮಾಡಿ ಬಳಸಬಹುದು.

2. ಹಳೆಯ ಕಾಳನ್ನು ಉಪ್ಪುನೀರಿನಲ್ಲಿ ನೆನೆಸುವುದು ಮೇಲು. 1 ಲೀಟರ್ ನೀರಿಗೆ ಒಂದು ಊಟದ ಚಮಚ (ಸುಮಾರು 15 ಗ್ರಾಂ) ಉಪ್ಪು ಸಾಕು. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲವೆಂಬ ನಂಬಿಕೆ ಇದೆ. ನೆನೆಸುವ ನೀರಿನ ಮಟ್ಟಿಗೆ ಅದು ಸರಿಯಲ್ಲ. ಉಪ್ಪಿನಲ್ಲಿರುವ ಸೋಡಿಯಂ ಸಿಪ್ಪೆಯಲ್ಲಿನ ಸುಣ್ಣದಂಶವನ್ನು ಹೊರಹಾಕಿ ಸಿಪ್ಪೆಯನ್ನು ಮೆತ್ತಗೆ ಮಾಡುತ್ತದೆ.

3. ತೀರ ಹಳೆಯ ಕಾಳಾದರೆ ಹಿತಕಿದ ಬೇಳೆ ಮಾಡಿಕೊಳ್ಳಿ. ರಾತ್ರಿ ನೆನೆಸಿ, ಬೆಳಿಗ್ಗೆ ಒಂದೊಂದನ್ನೂ ಹಿಸುಕಿ ಸಿಪ್ಪೆ ತೆಗೆದರೆ ಬೇಯುವ ಹೊತ್ತು ಕಡಿಮೆಯಾಗುತ್ತದೆ. ಕೆಲಸ ಹೆಚ್ಚಾದರೂ ಸೌದೆ ಉಳಿಯುತ್ತದೆ.

4. ನೀರು ಗಡಸಾಗಿದ್ದರೆ ಅದನ್ನು ಹಿಂದಿನ ದಿನವೇ ಹತ್ತು ನಿಮಿಷ ಕುದಿಸಿ ಆರಲು ಬಿಡಿ. ಸುಣ್ಣದ ಒಂದು ಭಾಗ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿನೀರನ್ನು ಬಸಿದು ಬಳಸಿರಿ. ಇದರಿಂದ ಎಲ್ಲ ಗಡಸುತನವೂ ಹೋಗುವುದಿಲ್ಲ. ಮಳೆನೀರು ಹಿಡಿದಿಡುವ ಅನುಕೂಲವಿದ್ದರೆ ಕಾಳು ಬೇಯಿಸಲು ಅದಕ್ಕೆ ಸಮನಾದುದಿಲ್ಲ.

5. ಅಡುಗೆ ಸೋಡವನ್ನು ಕೊನೆಯ ಉಪಾಯವಾಗಿ ಮಾತ್ರ ಬಳಸಬೇಕು. ಒಂದು ಚಿಟಿಕೆ ಸೋಡ ಕಾಳನ್ನು ಬೇಗ ಬೇಯಿಸುತ್ತದೆ ನಿಜ, ಆದರೆ ಅದರಲ್ಲಿರುವ ಬಿ-1 ಜೀವಸತ್ವವನ್ನು ಹಾಳುಮಾಡುತ್ತದೆ. ಹೆಚ್ಚಾದರೆ ರುಚಿಯೂ ಕೆಡುತ್ತದೆ.

ಮಾಂಸದೊಡನೆ ಬೇಯಿಸುವ ಕ್ರಮ

ಆರು ಜನರಿಗೆ ಬೇಕಾಗುವ ಸಾಮಾನು: ಒಣ ಅವರೆಕಾಳು 300 ಗ್ರಾಂ, ಮೂಳೆ ಸಹಿತ ಕುರಿ ಅಥವಾ ಮೇಕೆ ಮಾಂಸ ಅರ್ಧ ಕಿಲೋ, ಈರುಳ್ಳಿ 3, ಬೆಳ್ಳುಳ್ಳಿ 1 ಗಡ್ಡೆ, ಶುಂಠಿ ಒಂದು ತುಂಡು, ಒಣಮೆಣಸಿನಕಾಯಿ 8, ಧನಿಯ 3 ಚಮಚ, ಗಸಗಸೆ 1 ಚಮಚ, ಚಕ್ಕೆ 1 ತುಂಡು, ಲವಂಗ 4, ತೆಂಗಿನಕಾಯಿ ಅರ್ಧ ಹೋಳು, ಟೊಮ್ಯಾಟೊ 2, ಅರಿಶಿನ, ಎಣ್ಣೆ, ಉಪ್ಪು, ಕೊತ್ತಂಬರಿ ಸೊಪ್ಪು.

ಹಿಂದಿನ ರಾತ್ರಿ ಕಾಳನ್ನು ಆರಿಸಿ, ತೊಳೆದು, ಅದರ ನಾಲ್ಕರಷ್ಟು ಉಪ್ಪುನೀರಿನಲ್ಲಿ 8 ರಿಂದ 12 ಗಂಟೆ ನೆನೆಯಲು ಬಿಡಿ. ಬೇಸಿಗೆಯಲ್ಲಿ ಅದಕ್ಕೂ ಹೆಚ್ಚು ಹೊತ್ತು ಬಿಟ್ಟರೆ ಹುಳಿಯುತ್ತದೆ. ಬೆಳಿಗ್ಗೆ ಕಾಳಿನ ತೂಕ ಹತ್ತಿರ ಹತ್ತಿರ ಎರಡರಷ್ಟಾಗಿರಬೇಕು. ನೆನೆಸಿದ ನೀರನ್ನು ಚೆಲ್ಲಿ, ಹೊಸ ನೀರು ಹಾಕಿ 10 ನಿಮಿಷ ಚೆನ್ನಾಗಿ ಕುದಿಸಿ ಆ ನೀರನ್ನೂ ಬಸಿದುಬಿಡಿ. ಕಪ್ಪು ಹಾಗೂ ಕಂದು ಬಣ್ಣದ ಅವರೆಯಲ್ಲಿ ಒಗರು ಮತ್ತು ಕಹಿ ಅಂಶಗಳು ಹೆಚ್ಚಾಗಿರುವುದರಿಂದ ಇದನ್ನು ತಪ್ಪಿಸಬಾರದು. ಅನಂತರ ಮತ್ತೆ ಬಿಸಿನೀರು ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿರಿ. ಹೊಸ ಕಾಳು ಸುಮಾರು ಒಂದು ಗಂಟೆಯಲ್ಲಿ ಮುಕ್ಕಾಲು ಪಾಲು ಬೇಯುತ್ತದೆ.

ಇನ್ನೊಂದು ಒಲೆಯಲ್ಲಿ ಎಣ್ಣೆ ಕಾಯಿಸಿ, ಈರುಳ್ಳಿ ಬಾಡಿಸಿ, ಮಾಂಸ ಮತ್ತು ಅರಿಶಿನ ಹಾಕಿ ನೀರು ಇಂಗುವವರೆಗೆ ಹುರಿಯಿರಿ. ಮೇಲೆ ನಿಲ್ಲುವಷ್ಟು ಬಿಸಿನೀರು ಮತ್ತು ಉಪ್ಪು ಹಾಕಿ ಮುಚ್ಚಿ. ಎಳೆಯ ಕುರಿಯ ಮಾಂಸ ಒಂದು ಗಂಟೆಯಲ್ಲಿ ಬೇಯಬಹುದು. ಬಲಿತದ್ದಕ್ಕೆ ಒಂದೂವರೆ ಗಂಟೆ ಬೇಕು. ದನ ಅಥವಾ ಎಮ್ಮೆಯ ಮಾಂಸ ಬಳಸುವ ಕಡೆಗಳಲ್ಲಿಯೂ ಕ್ರಮ ಇದೇ, ಆದರೆ ಕಾಲು ಮತ್ತು ಕುತ್ತಿಗೆಯ ತುಂಡುಗಳಿಗೆ ಎರಡರಿಂದ ಮೂರು ಗಂಟೆ ಬೇಕಾಗುತ್ತದೆ. ನಾರುಗಳ ನಡುವಿನ ಪೊರೆ ನಿಧಾನವಾಗಿ ಕರಗಿ ಅಂಟಾಗಬೇಕು. ಜೋರು ಉರಿಯಿಂದ ಆ ಕೆಲಸವನ್ನು ಅವಸರಪಡಿಸಲು ಬರುವುದಿಲ್ಲ. ಮಾಂಸ ಮತ್ತು ಕಾಳು ಬೇಯುವ ಹೊತ್ತು ಬೇರೆ ಬೇರೆಯಾದುದರಿಂದ ಎರಡನ್ನೂ ಒಟ್ಟಿಗೆ ಒಲೆಗೆ ಏರಿಸಿದರೆ ಒಂದು ಬೇಯುವಷ್ಟರಲ್ಲಿ ಇನ್ನೊಂದು ಕೆಡುತ್ತದೆ.

ಎರಡೂ ಮುಕ್ಕಾಲು ಪಾಲು ಬೆಂದಾಗ ಒಂದೇ ಪಾತ್ರೆಗೆ ಸೇರಿಸಿ. ಒಣಮೆಣಸಿನಕಾಯಿ, ಧನಿಯ, ಚಕ್ಕೆ, ಲವಂಗ, ಗಸಗಸೆಗಳನ್ನು ಹುರಿದು, ಶುಂಠಿ, ಬೆಳ್ಳುಳ್ಳಿ, ಕಾಯಿತುರಿಯೊಡನೆ ನುಣ್ಣಗೆ ರುಬ್ಬಿ ಹಾಕಿ. ಕಾಲು ಗಂಟೆ ಕುದಿಸಿ. ಒಂದು ಕಾಳನ್ನು ತೆಗೆದು ಬೆರಳಿನಿಂದ ಒತ್ತಿ ನೋಡಿ. ನಡುವೆ ಗಂಟಿಲ್ಲದೆ ಹಿಸುಕಿಕೊಂಡರೆ ಮಾತ್ರ ಟೊಮ್ಯಾಟೊ ಹಾಕುವ ಹೊತ್ತು ಬಂದಿದೆ ಎಂದು ತಿಳಿಯಿರಿ. ಟೊಮ್ಯಾಟೊ ಹಾಕಿ ಇನ್ನು ಹತ್ತು ನಿಮಿಷ ಕುದಿಸಿ, ಕೊತ್ತಂಬರಿ ಸೊಪ್ಪು ಉದುರಿಸಿ ಇಳಿಸಿ.

ಪ್ರೆಷರ್ ಕುಕ್ಕರ್ ಇರುವವರು ಮಾಂಸವನ್ನು ಮೊದಲು 15 ನಿಮಿಷ ಬೇಯಿಸಿ, ಒತ್ತಡ ತಾನಾಗಿ ಇಳಿದ ಮೇಲೆ ಮುಚ್ಚಳ ತೆಗೆದು, ಕುದಿಸಿ ಬಸಿದ ಕಾಳು ಸೇರಿಸಿ ಮತ್ತೆ 10 ನಿಮಿಷ ಬೇಯಿಸಿದರೆ ಸಾಕು. ಮಸಾಲೆ ಮತ್ತು ಹುಳಿಯನ್ನು ಅನಂತರ ಹಾಕಬೇಕು. ಕಾಳು ನೊರೆ ಕಟ್ಟಿ ಆವಿಯ ರಂಧ್ರವನ್ನು ಮುಚ್ಚಬಹುದಾದ್ದರಿಂದ ಕುಕ್ಕರನ್ನು ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಬೆಂಗಳೂರು, ಕೋಲಾರದ ಕಡೆ ನೆಲ ಸಮುದ್ರಮಟ್ಟದಿಂದ 800 ರಿಂದ 900 ಮೀಟರ್ ಎತ್ತರದಲ್ಲಿರುವುದರಿಂದ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿ ಸೆಂಟಿಗ್ರೇಡಿಗೇ ಕುದಿಯುತ್ತದೆ. ಕುಕ್ಕರಿನಲ್ಲಿ ಉಷ್ಣತೆ 120 ಡಿಗ್ರಿಯ ಹತ್ತಿರ ಹೋಗುತ್ತದೆ. ಸಮಯ ಉಳಿಯುವುದು ಇದರಿಂದಲೇ.

ರಾಜ್ಮಾ ಬಳಸುವವರಿಗೆ ಎಚ್ಚರಿಕೆ

ಅವರೆ ಇಲ್ಲದಾಗ ಕೆಲವರು ಅಂಗಡಿಯ ಕೆಂಪು ರಾಜ್ಮಾ (ತಿಂಗಳವರೆಯ ಒಣ ಕಾಳು) ಬಳಸುತ್ತಾರೆ. ಈ ಕಾಳು ಅಮೆರಿಕ ಖಂಡದಿಂದ ಬಂದದ್ದು. ಬ್ರೆಜಿಲಿನಲ್ಲಿ ಇದೇ ಜಾತಿಯ ಕಪ್ಪು ಕಾಳನ್ನು ದನ ಮತ್ತು ಹಂದಿಯ ಮಾಂಸದೊಡನೆ ನಿಧಾನವಾಗಿ ಬೇಯಿಸಿ ಅನ್ನದ ಜೊತೆ ತಿನ್ನುತ್ತಾರೆ. ಹಸಿ ಅಥವಾ ಅರೆಬೆಂದ ಕೆಂಪು ರಾಜ್ಮಾದಲ್ಲಿ ಲೆಕ್ಟಿನ್ ಎಂಬ ವಿಷಾಂಶವಿದೆ. ನಾಲ್ಕೈದು ಹಸಿ ಕಾಳು ತಿಂದರೂ ಒಂದರಿಂದ ಮೂರು ಗಂಟೆಗಳಲ್ಲಿ ವಾಂತಿ, ಭೇದಿ ಆರಂಭವಾಗಬಹುದು. ಇದನ್ನು ಕನಿಷ್ಠ 5 ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಬುಡಬುಡನೆ ಕುದಿಸಿದ ಮೇಲೆಯೇ ಉರಿ ಕಡಿಮೆ ಮಾಡಬೇಕು. ಕುದಿ ಬರಿಸದೆ ಕೆಂಡದ ಮೇಲೆ ಬೆಚ್ಚಗೆ ಇಟ್ಟು ಬೇಯಿಸುವುದು ಅಪಾಯಕರ.

ತಿಂದದ್ದು ಮೈಗೆ ಹತ್ತಲು

ಕಾಳಿನಲ್ಲಿ ಕಬ್ಬಿಣದ ಅಂಶ ಸಾಕಷ್ಟಿದ್ದರೂ ದೇಹ ಅದನ್ನು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಜೊತೆಗೆ ಸ್ವಲ್ಪ ಮಾಂಸವಿದ್ದರೆ ಕಾಳಿನ ಕಬ್ಬಿಣವೂ ಹೆಚ್ಚಾಗಿ ಮೈಗೆ ಸೇರುತ್ತದೆ. ಮಾಂಸ ತಿನ್ನದವರು ಊಟದಲ್ಲಿ ನಿಂಬೆಹಣ್ಣು ಹಿಂಡಿಕೊಂಡರೆ ಇದೇ ಬಗೆಯ ಲಾಭವಿದೆ. ಊಟವಾದ ಕೂಡಲೇ ಕಾಫಿ, ಟೀ ಕುಡಿಯುವುದರಿಂದ ಈ ಲಾಭ ಕಡಿಮೆಯಾಗುತ್ತದೆ. ಕಾಳಿನ ಸಸಾರಜನಕದಲ್ಲಿ ಕಡಿಮೆಯಿರುವ ಮಿಥಿಯೊನಿನ್ ಅಂಶ ರಾಗಿಯಲ್ಲಿದೆ, ರಾಗಿಯಲ್ಲಿ ಕಡಿಮೆಯಿರುವ ಲೈಸಿನ್ ಕಾಳಿನಲ್ಲಿದೆ. ಮುದ್ದೆಗೆ ಅವರೆಕಾಳಿನ ಸಾರು ಹೊಂದುವುದು ಬಾಯಿ ರುಚಿಗಷ್ಟೇ ಅಲ್ಲ. ಇಂತಹ ಸಾರಿನ ಮೊದಲ ಪಾಲು ಗರ್ಭಿಣಿಯರಿಗೆ, ಬಾಣಂತಿಯರಿಗೆ ಮತ್ತು ಬೆಳೆಯುವ ಮಕ್ಕಳಿಗೆ ಸಿಗಬೇಕು. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಕೂರುವ ಹೆಂಗಸಿನ ತಟ್ಟೆಗೂ ಮಾಂಸದ ತುಂಡು ಉಳಿಸಿರಬೇಕು.

ಮುಂದಿನ ವರ್ಷದ ಕಾಳಿಗಾಗಿ

ಒಕ್ಕಣೆಯಾದ ಕಾಳನ್ನು ತೇವಾಂಶ ಶೇಕಡ 9 ರಿಂದ 10 ಕ್ಕೆ ಇಳಿಯುವಂತೆ ಒಣಗಿಸಿರಿ. ಹಲ್ಲಿನಿಂದ ಕಚ್ಚಿದಾಗ ಕಟ್ಟನೆ ಒಡೆದರೆ ಹದವಾಗಿದೆ ಎಂದು ತಿಳಿಯಬಹುದು. ಆಮೇಲೂ ದಿನಗಟ್ಟಲೆ ಬಿಸಿಲಿಗೆ ಹಾಕುವುದು ಬೇಡ. ಬಿಸಿ ಆರಿದ ನಂತರವೇ ತುಂಬಬೇಕು. ಕೆಮ್ಮಣ್ಣು ಕಟ್ಟುವುದು, ಒಣ ಬೂದಿ ಬೆರೆಸುವುದು, ಹರಳೆಣ್ಣೆ ಸವರುವುದು ಕಾಳು ಕೊರೆಯುವ ದುಂಬಿಯನ್ನು ತಡೆಯಲು ಹಿರಿಯರು ಕಂಡುಕೊಂಡ ಒಳ್ಳೆಯ ಉಪಾಯಗಳು. ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಹೊಗೆಗೆ ಹುಳು ಬಾರದಿರಬಹುದು, ಆದರೆ ಆ ಸೆಕೆಗೆ ಕಾಳು ಬೇಯುವ ಗುಣ ಕಳೆದುಕೊಳ್ಳುತ್ತದೆ. ತಗಡಿನ ಛಾವಣಿಯ ಕೆಳಗೂ ಇದೇ ಗತಿ. ಮನೆಯ ತಂಪಾದ, ತೇವವಿಲ್ಲದ ಮೂಲೆಯಲ್ಲಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಗಾಳಿಯಾಡದ ಡಬ್ಬದಲ್ಲಿ ಇಡುವುದು ಉತ್ತಮ. ಹಳೆಯ ಕಾಳನ್ನು ಮೊದಲು ಬಳಸಿ ಮುಗಿಸಬೇಕು. ಬಿತ್ತನೆಗೆಂದು ಔಷಧಿ ಬೆರೆಸಿದ ಕಾಳನ್ನು ಎಷ್ಟು ತೊಳೆದರೂ ಅಡುಗೆಗೆ ಬಳಸಬಾರದು. ಅದನ್ನು ಮಕ್ಕಳ ಕೈಗೆಟುಕದಂತೆ ಬೇರೆಯಾಗಿಯೇ ಇಡಬೇಕು.

ಹಗಲಿನ ಉದ್ದಕ್ಕೆ ಸೂಕ್ಷ್ಮವಲ್ಲದ ಹೆಬ್ಬಾಳ ಅವರೆ-3 ಮತ್ತು ಹೆಬ್ಬಾಳ ಅವರೆ-4 ತಳಿಗಳನ್ನು ವರ್ಷದ ಯಾವುದೇ ಕಾಲದಲ್ಲಿ ಬೆಳೆಯಬಹುದು. ನೀರಿನ ಅನುಕೂಲವಿದ್ದವರು ಇವುಗಳನ್ನು ಬೆಳೆದುಕೊಂಡರೆ ವರ್ಷಗಟ್ಟಲೆ ಕಾಳು ಕೂಡಿಡಬೇಕಾದ ಅಗತ್ಯವೂ ಕಡಿಮೆಯಾಗುತ್ತದೆ.

ಆ ರೈತ ಮಹಿಳೆಗೆ ಹೇಳಿದ ಉತ್ತರವನ್ನೇ ಇಲ್ಲಿ ಎಲ್ಲ ರೈತ ಬಾಂಧವರಿಗೂ ಹೇಳಬೇಕಾಗಿದೆ: ಟೊಮ್ಯಾಟೊವನ್ನು ಮೊದಲೇ ಹಾಕಿದ್ದಷ್ಟೇ ಅವರ ಕೈಯ ತಪ್ಪು. ಉಳಿದದ್ದು ಅಟ್ಟದಲ್ಲಿತ್ತು, ನೀರಿನಲ್ಲಿತ್ತು. ಚೀಲವನ್ನು ಅಟ್ಟದಿಂದ ಇಳಿಸುವುದು ಮನೆಯ ಗಂಡಸರ ಕೆಲಸ. ಈ ಬಾರಿ ಒಕ್ಕಣೆ ಮುಗಿದ ಕೂಡಲೇ ಆ ಕೆಲಸವನ್ನು ಮಾಡಿರಿ.