ಹಳೆಯ ಸೈನಿಕ ಬಂದೂಕುಗಳ ಲಿಲಾವು: ಕಬ್ಬಿಣಕ್ಕಿಂತ ಕಾಗದಕ್ಕೇ ಬೆಲೆ

ಇಂಡಿಯ ಲಿಂಬೆ ವ್ಯಾಪಾರಿಗಳಿಗಾಗಲಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನಬಾಗೇವಾಡಿಯ ಅಡತಿ ವರ್ತಕರಿಗಾಗಲಿ ಲಿಲಾವು ಎಂಬುದು ಹೊಸ ಮಾತಲ್ಲ. ಮಾಲನ್ನು ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ, ಸವಾಲು ಕೂಗಿ, ತೂಕ ಮಾಡಿ, ಪಟ್ಟಿ ಬರೆಯುವ ಕ್ರಮವು ತಲೆಮಾರುಗಳಿಂದ ನಡೆದುಬಂದಿದೆ. ಆದರೆ ಪುರಾತನ ಸೈನಿಕ ಬಂದೂಕುಗಳ ಲಿಲಾವಿನಲ್ಲಿ ಈ ಅನುಭವವು ಅರ್ಧ ದಾರಿಯವರೆಗೆ ಮಾತ್ರ ನೆರವಾಗುತ್ತದೆ. ಅಲ್ಲಿ ಮಾಲಿನ ಜೊತೆಗೆ ಮಾಲಿನ ಚರಿತ್ರೆಯೂ ಮಾರಾಟವಾಗುತ್ತದೆ. ಆ ಚರಿತ್ರೆಗೆ ದಾಖಲೆ ಇಲ್ಲದಿದ್ದರೆ ಬೆಲೆ ಕುಸಿಯುತ್ತದೆ. ಪರವಾನಗಿ ಇಲ್ಲದಿದ್ದರೆ ಮಾಲೀಕನು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ. ಹಳೆಯ ವಾಡೆಯನ್ನು ಕೆಡವುವಾಗಲೋ, ಅಣ್ಣತಮ್ಮಂದಿರ ವಾಟಣಿಯ ಕಾಲಕ್ಕೋ ಅಟ್ಟದಿಂದ ಒಂದು ಬಂದೂಕು ಹೊರಬಂದರೆ ಅದನ್ನು ಏನು ಮಾಡಬೇಕೆಂಬ ಪ್ರಶ್ನೆ ಯಾವ ಮನೆತನಕ್ಕಾದರೂ ಎದುರಾಗಬಹುದು. ಆದುದರಿಂದ ಈ ವ್ಯಾಪಾರದ ಒಳಹೊರಗನ್ನು ತಿಳಿದಿರುವುದು ಅಗತ್ಯ.

ನೂರೈವತ್ತು ರೂಪಾಯಿಯ ಸವಾಲು

ಪುರಾತನ ಯುದ್ಧಾಯುಧದ ಲಿಲಾವಿಗೆ ಉದಾಹರಣೆ ಹುಡುಕಲು ದೂರ ಹೋಗಬೇಕಾಗಿಲ್ಲ. ವಿಜಯಪುರದ ಕೋಟೆಯ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹಮದನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎಂಬ ಕುಶಲಿ ಎರಕ ಹೊಯ್ದನು. ಇದರ ತೂಕ ಸುಮಾರು 55 ಟನ್ ಎಂದು ಹೇಳಲಾಗುತ್ತದೆ. 1854ರಲ್ಲಿ ನಿರುಪಯುಕ್ತ ಸರಕಾರಿ ಸಾಮಾನುಗಳನ್ನು ವಿಲೇವಾರಿ ಮಾಡಬೇಕೆಂದು ಸಾತಾರೆಯ ಕಮಿಷನರರು ಆಜ್ಞೆ ಮಾಡಿದಾಗ ಈ ತೋಪೂ ಲಿಲಾವಿಗೆ ಬಂದಿತು. ಅತಿ ಹೆಚ್ಚಿನ ಸವಾಲು ಕೇವಲ 150 ರೂಪಾಯಿ. ಜನರು ಈ ತೋಪಿನ ಮೇಲೆ ಇಟ್ಟಿದ್ದ ಭಕ್ತಿಗೆ ಹೋಲಿಸಿದರೆ ಈ ಮೊತ್ತವು ತೀರ ಅಲ್ಪವೆಂದು ಸ್ಥಳೀಯ ಅಧಿಕಾರಿಯು ಮೇಲಕ್ಕೆ ವರದಿ ಮಾಡಿದುದರಿಂದ ಮಾರಾಟವು ರದ್ದಾಯಿತು.

ಸವಾಲು ಕೂಗಿದವರು ಲೋಹದ ತೂಕವನ್ನು ಲೆಕ್ಕ ಹಾಕಿದ್ದರು. ಅದನ್ನು ಒಡೆದು ಸಾಗಿಸುವ ಖರ್ಚನ್ನೂ ಕಳೆದಿದ್ದರು. ಗುಜರಿ ವ್ಯಾಪಾರದ ದೃಷ್ಟಿಯಿಂದ ಅದು ತಪ್ಪು ಲೆಕ್ಕವೇನೂ ಅಲ್ಲ. ಆದರೆ ತೋಪಿನ ಮೈಮೇಲಿದ್ದ ಬರಹಗಳಿಗೆ, ಎರಕದವನ ಹೆಸರಿಗೆ, ಇಸವಿಗೆ ಅವರು ಒಂದು ಕಾಸನ್ನೂ ಹಿಡಿದಿರಲಿಲ್ಲ. ಇಂದು ಜಗತ್ತಿನ ಲಿಲಾವು ಮನೆಗಳಲ್ಲಿ ಹಣ ಬರುವುದು ಅಂಥ ಬರಹಗಳಿಂದಲೇ.

ಬಂದೂಕು ಬೇರೆ, ರೈಫಲ್ ಬೇರೆ

ಆಡುಮಾತಿನಲ್ಲಿ ಎಲ್ಲವನ್ನೂ ಬಂದೂಕು ಎನ್ನುವುದು ರೂಢಿ. ಸಂಗ್ರಾಹಕನಿಗೆ ಮಾತ್ರ ಈ ವ್ಯತ್ಯಾಸಗಳು ತಿಳಿದಿರಬೇಕು. ಉರಿಯುವ ಬತ್ತಿಯಿಂದ ಮದ್ದಿಗೆ ಬೆಂಕಿ ತಗಲಿಸುವ ಬತ್ತಿಯ ಬಂದೂಕು ಎಲ್ಲಕ್ಕಿಂತ ಹಳೆಯದು. ಮುದ್ದೇಬಿಹಾಳ ಸೀಮೆಯ ರಕ್ಕಸಗಿ, ತಂಗಡಗಿಗಳ ಹೆಸರಿನೊಡನೆ ಬೆಸೆದುಕೊಂಡಿರುವ 1565ರ ಯುದ್ಧವು ಅಂಥ ಆಯುಧಗಳ ಕಾಲದ್ದು. ಅನಂತರ ಕಲ್ಲಿನ ಕಿಡಿಯಿಂದ ಸಿಡಿಯುವ ಚಕಮಕಿ ಬಂದೂಕು, ಹತ್ತೊಂಬತ್ತನೆಯ ಶತಮಾನದಲ್ಲಿ ಕೇಪಿನ ಬಂದೂಕು ಬಂದವು.

ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಗೀರುಗಳನ್ನು ಕೊರೆದಿದ್ದರೆ ಮಾತ್ರ ಅದು ರೈಫಲ್. ಆ ಗೀರುಗಳಿಂದ ಗುಂಡು ತಿರುಗುತ್ತ ಹೊರಟು ದೂರದ ಗುರಿಯನ್ನು ಮುಟ್ಟುತ್ತದೆ. 1853ರ ಮಾದರಿಯ ಎನ್‌ಫೀಲ್ಡ್ ರೈಫಲ್‌ಗೆ .577 ಇಂಚಿನ ನಳಿಗೆಯಿದ್ದು, ಅದರ ತೋಟಾಗಳೇ 1857ರ ದಂಗೆಯ ಒಂದು ಕಾರಣವಾದವು. ದಂಗೆಯ ಬಳಿಕ ಭಾರತೀಯ ಸಿಪಾಯಿಗಳಿಗೆ ಅದೇ ಆಕಾರದ, ಆದರೆ ಒಳಗಿನ ಗೀರುಗಳಿಲ್ಲದ ಬಂದೂಕುಗಳನ್ನು ಕೊಡಲಾಯಿತು. ಹೊರನೋಟಕ್ಕೆ ಎರಡೂ ಒಂದೇ. ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿದಾಗ ಮಾತ್ರ ವ್ಯತ್ಯಾಸ ಕಾಣುತ್ತದೆ. 1866ರಿಂದ ಸ್ನೈಡರ್, 1871ರಿಂದ ಮಾರ್ಟಿನಿ-ಹೆನ್ರಿ, 1895ರಿಂದ ಲೀ-ಎನ್‌ಫೀಲ್ಡ್ ರೈಫಲ್‌ಗಳು ಬ್ರಿಟಿಷ್ ಸೈನ್ಯದಲ್ಲಿ ಬಳಕೆಗೆ ಬಂದವು.

ಗುರುತುಗಳನ್ನು ಓದುವುದು ಮುಂದಿನ ಪಾಠ. ಈಸ್ಟ್ ಇಂಡಿಯಾ ಕಂಪನಿಯ ಹಳೆಯ ಬಂದೂಕುಗಳ ಮೇಲೆ ಹೃದಯಾಕಾರದ ಮುದ್ರೆ ಇರುತ್ತದೆ. ಇದು ಕಂಪನಿಯವರು ತಮ್ಮ ಸರಕಿನ ಗಂಟುಗಳಿಗೆ ಹಾಕುತ್ತಿದ್ದ ವ್ಯಾಪಾರಿ ಚಿಹ್ನೆ. 1808ರ ಸುಮಾರಿಗೆ ಇದರ ಸ್ಥಾನದಲ್ಲಿ ಕಿರೀಟ ಹಿಡಿದು ನಿಂತ ಸಿಂಹದ ಮುದ್ರೆ ಬಂದಿತು. ಟಿಪ್ಪು ಸುಲ್ತಾನನ ಕಾರ್ಖಾನೆಯ ಬಂದೂಕುಗಳಲ್ಲಿ ಹುಲಿಯ ಆಕೃತಿಯೂ ಹುಲಿಪಟ್ಟೆಯ ಅಲಂಕಾರವೂ ಎದ್ದು ಕಾಣುತ್ತವೆ. ನಕಲಿ ಮಾಲೂ ಸಾಕಷ್ಟಿದೆ. ವಾಯವ್ಯ ಗಡಿಯ ದರ್ರಾ ಆದಮ್ ಖೇಲ್ ಮುಂತಾದ ಕಡೆಗಳಲ್ಲಿ ಮಾರ್ಟಿನಿ, ಎನ್‌ಫೀಲ್ಡ್‌ಗಳ ನಕಲುಗಳನ್ನು ಕೈಯಿಂದಲೇ ಮಾಡಿದ್ದುಂಟು; ಮುದ್ರೆಯ ಅಕ್ಷರಗಳು ತಿರುಗುಮುರುಗಾಗಿರುವುದು ಅವುಗಳ ಒಂದು ಲಕ್ಷಣ.

ಅಪರೂಪವೆಂಬುದು ಹೇಗೆ ಹುಟ್ಟುತ್ತದೆ

ಈ ಸೀಮೆಯಲ್ಲಿ ಹಳೆಯ ಬಂದೂಕುಗಳು ವಿರಳವಾಗಿರುವುದಕ್ಕೆ ಚರಿತ್ರೆಯ ಹಿನ್ನೆಲೆಯಿದೆ. 1857ರ ನಿಶ್ಶಸ್ತ್ರೀಕರಣ ಕಾನೂನಿನಂತೆ ಆಯುಧಗಳನ್ನು ಒಪ್ಪಿಸಲು ನಿರಾಕರಿಸಿದ ಹಲಗಲಿಯ ಬೇಡರ ಮೇಲೆ ಅದೇ ವರ್ಷ ನವೆಂಬರಿನಲ್ಲಿ ಸೈನ್ಯ ನಡೆದುದನ್ನು ಉತ್ತರ ಕರ್ನಾಟಕದ ಜನರು ಮರೆತಿಲ್ಲ. 1878ರ ಆಯುಧ ಕಾನೂನು ಪರವಾನಗಿಯ ಪದ್ಧತಿಯನ್ನು ಮತ್ತಷ್ಟು ಬಿಗಿಗೊಳಿಸಿತು. ಹೀಗಾಗಿ ಅಂದಿನಿಂದ ಉಳಿದುಬಂದ ಒಂದೊಂದು ಆಯುಧಕ್ಕೂ ಅದು ಹೇಗೆ ಉಳಿಯಿತೆಂಬ ಕಥೆಯಿರುತ್ತದೆ.

ಆ ಕಥೆಗೆ ಆಧಾರವಿದ್ದರೆ ಏನಾಗುತ್ತದೆ ಎಂಬುದನ್ನು ಶ್ರೀರಂಗಪಟ್ಟಣದ ಆಯುಧಗಳು ತೋರಿಸಿವೆ. 2015ರ ಏಪ್ರಿಲ್‌ನಲ್ಲಿ ಲಂಡನ್ನಿನ ಬಾನಮ್ಸ್ ಲಿಲಾವಿನಲ್ಲಿ ಟಿಪ್ಪುವಿನ ಸ್ವಂತ ಬಳಕೆಗಾಗಿ ಮಾಡಿದ ಒಂದು ಚಕಮಕಿ ಬೇಟೆ ಬಂದೂಕು 7,22,500 ಪೌಂಡ್‌ಗಳಿಗೆ ಹೋಯಿತು. 2019ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಆಂಟನಿ ಕ್ರಿಬ್ ಸಂಸ್ಥೆಯ ಲಿಲಾವಿನಲ್ಲಿ ಬೆಳ್ಳಿಯ ಕಟ್ಟುಗಳಿದ್ದ ಬಂದೂಕು, ಅದರ ಬಾಯ್ನೆಟ್ ಸಹಿತ, 60,000 ಪೌಂಡ್ ತಂದಿತು. ಈ ಎರಡನೆಯದಕ್ಕೆ ಯುದ್ಧದಲ್ಲಿ ಪೆಟ್ಟು ಬಿದ್ದ ಗುರುತುಗಳಿದ್ದವು. ಸಾಮಾನ್ಯ ಮಾಲಿಗೆ ಇದು ಕುಂದು. ಆದರೆ 1799ರ ನಂತರ ಕಂಪನಿಯ ಮೇಜರ್ ಥಾಮಸ್ ಹಾರ್ಟ್ ಅದನ್ನು ಒಯ್ದಿದ್ದನೆಂದೂ, ಆ ಮನೆತನದಲ್ಲಿಯೇ ಉಳಿದುಬಂದಿತೆಂದೂ ತಿಳಿದಿದ್ದುದರಿಂದ ಆ ಪೆಟ್ಟೇ ಸಾಕ್ಷಿಯಾಯಿತು. ಇಂಥ ವಸ್ತುಗಳು ಭಾರತಕ್ಕೆ ಮರಳಬೇಕೆಂಬ ಒತ್ತಾಯವೂ ಆಗ ಕೇಳಿಬಂದಿತ್ತು. ಅಂದರೆ ಒಂದು ವಸ್ತು ಹೇಗೆ ಕೈ ಬದಲಿಸಿತೆಂಬುದು ಬೆಲೆಯ ಜೊತೆಗೆ ನ್ಯಾಯದ ಪ್ರಶ್ನೆಯೂ ಹೌದು.

ಇದಕ್ಕೆ ವಿರುದ್ಧವಾದ ಉದಾಹರಣೆ ನೇಪಾಳದ್ದು. ಕಠ್ಮಂಡುವಿನ ಲಗನ್ ಸಿಲೇಖಾನೆಯೆಂಬ ಹಳೆಯ ಶಸ್ತ್ರಾಗಾರದಲ್ಲಿದ್ದ ಸುಮಾರು 50,000 ಬಂದೂಕುಗಳನ್ನು 2003ರಲ್ಲಿ ಅಮೆರಿಕದ ಎರಡು ಸಂಸ್ಥೆಗಳು ಸಗಟಾಗಿ ಕೊಂಡವು. ಅವುಗಳಲ್ಲಿ ಬ್ರನ್ಸ್‌ವಿಕ್, ಎನ್‌ಫೀಲ್ಡ್, ಮಾರ್ಟಿನಿ ಮಾದರಿಗಳೂ ನೇಪಾಳದಲ್ಲಿಯೇ ತಯಾರಾದ ಗಹೇಂದ್ರ ರೈಫಲ್‌ಗಳೂ ಇದ್ದವು. ಒಮ್ಮೆಲೇ ಸಾವಿರಗಟ್ಟಲೆ ಮಾಲು ಪೇಟೆಗೆ ಬಂದಾಗ ಸಾಮಾನ್ಯ ಮಾದರಿಗಳು ಅಪರೂಪವಾಗಿ ಉಳಿಯುವುದಿಲ್ಲ. ಆವಕ ಹೆಚ್ಚಿದರೆ ದರ ಇಳಿಯುವ ನಿಯಮವು ಲಿಂಬೆಗೆ ಎಷ್ಟು ಅನ್ವಯವೋ ಇಲ್ಲಿಯೂ ಅಷ್ಟೇ.

ಲಿಲಾವಿನ ಕ್ರಮ ಮತ್ತು ನಿಜವಾದ ಖರ್ಚು

ಲಿಲಾವು ಮನೆಯು ಮೊದಲು ಪಟ್ಟಿಯೊಂದನ್ನು ಪ್ರಕಟಿಸುತ್ತದೆ. ಪ್ರತಿಯೊಂದು ಲಾಟಿಗೂ ವರ್ಣನೆ, ಸ್ಥಿತಿಯ ವರದಿ ಮತ್ತು ಅಂದಾಜು ಬೆಲೆ ಇರುತ್ತವೆ. ಮಾರುವವನು ಗುಟ್ಟಾಗಿ ಒಂದು ಕನಿಷ್ಠ ದರವನ್ನು ನಿಗದಿ ಮಾಡಿರಬಹುದು. ಸವಾಲು ಅದನ್ನು ಮುಟ್ಟದಿದ್ದರೆ ಮಾಲು ಹಿಂದಿರುಗುತ್ತದೆ. ಕೂಗಿದ ಬೆಲೆಯೇ ಕೊನೆಯ ಬೆಲೆಯಲ್ಲ. ಕೊಳ್ಳುವವನಿಂದ ಲಿಲಾವು ಮನೆಯು ಅಡತಿಯಂಥ ಶುಲ್ಕವನ್ನು ಪಡೆಯುತ್ತದೆ. ಉದಾಹರಣೆಗಾಗಿ, ಸವಾಲು 1,000 ಪೌಂಡ್‌ಗೆ ನಿಂತಿತೆಂದೂ ಶುಲ್ಕವು ನೂರಕ್ಕೆ 25 ಎಂದೂ ಭಾವಿಸೋಣ. ಶುಲ್ಕ 250, ಅದರ ಮೇಲೆ ನೂರಕ್ಕೆ 20ರ ತೆರಿಗೆ 50. ಒಟ್ಟು 1,300 ಪೌಂಡ್. ಇದರ ಮೇಲೆ ಪ್ಯಾಕಿಂಗ್, ವಿಮೆ, ಸಾಗಾಣಿಕೆ ಮತ್ತು ಆಮದು ಸುಂಕಗಳಿವೆ. ಇಷ್ಟೆಲ್ಲ ತೆತ್ತ ಮೇಲೂ ಭಾರತದೊಳಗೆ ತರಲು ಆಯುಧ ಕಾನೂನಿನ 10ನೆಯ ಕಲಮಿನ ಪ್ರಕಾರ ಪರವಾನಗಿ ಬೇಕು. ಅದು ಕೈಯಲ್ಲಿಲ್ಲದೆ ಸವಾಲು ಕೂಗುವುದೆಂದರೆ ಗೋದಾಮಿಲ್ಲದೆ ಮಾಲು ಕೊಂಡಂತೆ.

ಭಾರತದ ಕಾನೂನು

1959ರ ಆಯುಧ ಕಾನೂನು 1962ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಇದರ 3ನೆಯ ಕಲಮಿನಂತೆ ಬಂದೂಕು ಹೊಂದಲು ಪರವಾನಗಿ ಕಡ್ಡಾಯ. ಹಳೆಯದಾದುದಕ್ಕೆ ಪರವಾನಗಿ ಬೇಡವೆಂಬ ನಂಬಿಕೆ ಜನರಲ್ಲಿದೆ, ಅದು ಅಪಾಯಕಾರಿ. 45ನೆಯ ಕಲಮಿನ ವಿನಾಯಿತಿಯು ಬಳಕೆತಪ್ಪಿದ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಗಳನ್ನು ಹೆಸರಿಸುತ್ತದೆ ನಿಜ. ಆದರೆ ದುರಸ್ತಿ ಮಾಡಿದರೂ, ಮಾಡದಿದ್ದರೂ ಗುಂಡು ಹಾರಿಸಲು ಬಾರದಂಥದು ಎಂಬ ಮಾತನ್ನೂ ಅದು ಸೇರಿಸಿದೆ. ಕಮ್ಮಾರನೊಬ್ಬ ಸರಿಪಡಿಸಬಲ್ಲ ಕೇಪಿನ ಬಂದೂಕು ಈ ವಿನಾಯಿತಿಗೆ ಒಳಪಡುವುದು ಕಷ್ಟ.

2020ರ ಫೆಬ್ರವರಿಯಲ್ಲಿ ಕೇಂದ್ರ ಗೃಹ ಸಚಿವಾಲಯವು ನಿಯಮಗಳನ್ನು ತಿದ್ದಿ, ಅಪೂರ್ವ ವಸ್ತುಗಳೆನಿಸುವ ಕೆಲವು ವರ್ಗದ ಸಣ್ಣ ಆಯುಧಗಳನ್ನು ಭಾರತೀಯ ಪೌರರು ಪಡೆದು ಇಟ್ಟುಕೊಳ್ಳಲು ಪರವಾನಗಿ ಬೇಡವೆಂದಿತು. ಆದರೆ ಅವುಗಳನ್ನು ಬಳಸಲು, ಒಯ್ಯಲು ಅಥವಾ ಸಾಗಿಸಲು ಪರವಾನಗಿ ಬೇಕು. ಲಿಲಾವಿಗೆ ತೆಗೆದುಕೊಂಡು ಹೋಗುವುದೂ ಸಾಗಾಣಿಕೆಯೇ ಎಂಬುದನ್ನು ಮರೆಯಬಾರದು. ತನ್ನ ಮನೆಯ ಆಯುಧ ಆ ವರ್ಗಕ್ಕೆ ಸೇರುತ್ತದೆಂದು ಮಾಲೀಕನು ತಾನೇ ತೀರ್ಮಾನಿಸದೆ, ಜಿಲ್ಲಾ ದಂಡಾಧಿಕಾರಿಗಳ ಕಚೇರಿಯಿಂದ ಲಿಖಿತವಾಗಿ ತಿಳಿದುಕೊಳ್ಳುವುದು ಕ್ಷೇಮ. .303 ತೋಟಾ ಹಾರಿಸಬಲ್ಲ ರೈಫಲ್‌ಗಳು ನಿಷಿದ್ಧ ವರ್ಗಕ್ಕೆ ಸೇರಿದ್ದು, ಅವುಗಳ ವಿಷಯ ಇನ್ನೂ ಕಠಿಣ. 2019ರ ತಿದ್ದುಪಡಿಯ ನಂತರ ಒಬ್ಬ ವ್ಯಕ್ತಿಯ ಬಳಿ ಎರಡಕ್ಕಿಂತ ಹೆಚ್ಚು ಪರವಾನಗಿಯ ಬಂದೂಕುಗಳು ಇರುವಂತಿಲ್ಲ. ವಾರಸಿಕೆಯಿಂದ ಬಂದವೂ ಈ ಮಿತಿಯೊಳಗೇ ಬರುತ್ತವೆ. ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಂಡರೆ ಎರಡರಿಂದ ಐದು ವರ್ಷಗಳ ಶಿಕ್ಷೆಯುಂಟು. ಕೊಡಗಿನವರಿಗೆ ಜಮ್ಮಾ ಹಿಡುವಳಿ ಹಾಗೂ ಕುಲದ ಆಧಾರದ ಮೇಲೆ ಇರುವ ವಿನಾಯಿತಿಯನ್ನು 2019ರಲ್ಲಿ 2029ರವರೆಗೆ ಮುಂದುವರಿಸಲಾಗಿದೆ; ಅದನ್ನು ವಿಜಯಪುರ ಜಿಲ್ಲೆಯ ಕೊಳ್ಳುಗನು ತನಗೆ ಅನ್ವಯಿಸಿಕೊಳ್ಳುವಂತಿಲ್ಲ.

ಎರಡನೆಯದು 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾನೂನು. ನೂರು ವರ್ಷ ದಾಟಿದ ಇಂಥ ಆಯುಧವು ಪುರಾತನ ವಸ್ತುವೆನಿಸಿದರೆ ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಪುರಾತನ ವಸ್ತುಗಳ ವ್ಯಾಪಾರಕ್ಕೂ ಪರವಾನಗಿ ಬೇಕು. ಆದುದರಿಂದ ಲಂಡನ್ನಿನ ದರವನ್ನು ಕೇಳಿ ಸಿಂದಗಿಯ ಅಟ್ಟದ ಬಂದೂಕಿಗೆ ಬೆಲೆ ಕಟ್ಟುವುದು ತಪ್ಪು. ಇಲ್ಲಿಂದ ಅಲ್ಲಿಗೆ ನ್ಯಾಯವಾದ ದಾರಿಯಿಲ್ಲ. ಇರುವುದು ಕಳ್ಳದಾರಿ, ಅದರ ಕೊನೆ ಜೈಲು.

ಮನೆಯಲ್ಲಿ ಹಳೆಯ ಬಂದೂಕು ಸಿಕ್ಕರೆ

1. ಕುದುರೆ ಎಳೆಯಬಾರದು, ಕೇಪು ಇಡಬಾರದು. ಹಳೆಯ ನಳಿಗೆಯಲ್ಲಿ ಮದ್ದುಗುಂಡು ಹಾಗೆಯೇ ಉಳಿದಿರುವುದುಂಟು.

2. ಮನೆಯಿಂದ ಹೊರಗೆ ಒಯ್ಯದೆ, ಸಮೀಪದ ಪೊಲೀಸ್ ಠಾಣೆಗೆ ಬರವಣಿಗೆಯಲ್ಲಿ ತಿಳಿಸಿ ಸ್ವೀಕೃತಿ ಪಡೆಯಬೇಕು. ಪರವಾನಗಿ ಹೊಂದಿದ್ದ ಹಿರಿಯರು ತೀರಿಕೊಂಡಿದ್ದರೆ, 21ನೆಯ ಕಲಮಿನಂತೆ ಆಯುಧವನ್ನು ವಿಳಂಬವಿಲ್ಲದೆ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಒಪ್ಪಿಸಿ, ವಾರಸುದಾರರು ಪರವಾನಗಿಗೆ ಅರ್ಜಿ ಹಾಕಬೇಕು.

3. ನೆಲ ಅಗೆಯುವಾಗ ಸಿಕ್ಕಿದ್ದರೆ 1878ರ ನಿಧಿ ಕಾನೂನು ಅನ್ವಯಿಸುತ್ತದೆ; ಜಿಲ್ಲಾಧಿಕಾರಿಗಳಿಗೆ ತಿಳಿಸುವುದು ಕಡ್ಡಾಯ.

4. ಹಳೆಯ ಪರವಾನಗಿ, ಸನದು, ವಾಟಣಿ ಪತ್ರ, ಭಾವಚಿತ್ರ ಇವುಗಳನ್ನು ಒಂದೆಡೆ ಕೂಡಿಸಿಡಬೇಕು. ಬಂದೂಕಿನ ಬೆಲೆಯ ಬಹುಪಾಲು ಈ ಗಂಟಿನಲ್ಲಿಯೇ ಇರುತ್ತದೆ.

5. ತುಕ್ಕನ್ನು ಉಜ್ಜಿ ಹೊಳಪು ಕೊಡಬಾರದು, ಮರಕ್ಕೆ ವಾರ್ನಿಷ್ ಹಚ್ಚಬಾರದು. ಮುದ್ರೆಗಳು ಅಳಿಸಿದರೆ ಗುರುತೇ ಅಳಿಸಿದಂತೆ.

6. ಪರವಾನಗಿಯ ಬಂದೂಕನ್ನು ಮಾರುವುದಾದರೆ ಜಿಲ್ಲಾ ದಂಡಾಧಿಕಾರಿಗಳಿಗೆ ಅಥವಾ ಠಾಣೆಗೆ ಮೊದಲೇ ಲಿಖಿತ ಸೂಚನೆ ಕೊಟ್ಟು, 45 ದಿನಗಳು ಕಳೆದ ಮೇಲೆಯೇ ಅರ್ಹ ವ್ಯಕ್ತಿಗೆ ಒಪ್ಪಿಸಬೇಕು.

ಆಯುಧಗಳನ್ನು ಅಭ್ಯಾಸ ಮಾಡಬೇಕೆನ್ನುವವರಿಗೆ ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯ ಹತ್ತಿರದ ಪಾಠಶಾಲೆ. ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹಾಲಯದ ಆಯುಧ ವಿಭಾಗವೂ ನೋಡತಕ್ಕದ್ದು. ನಾಲ್ಕು ಮಾದರಿಗಳನ್ನು ಚೆನ್ನಾಗಿ ಗುರುತಿಸಲು ಕಲಿತವನು ಮೋಸಹೋಗುವ ಸಂಭವ ಕಡಿಮೆ.

ವ್ಯಾಪಾರದಲ್ಲಿ ಲೆಕ್ಕದ ಪುಸ್ತಕ ಚೊಕ್ಕಟವಾಗಿದ್ದರೆ ಅಂಗಡಿಗೆ ಪತ್ತು ಹುಟ್ಟುತ್ತದೆ. ಪುರಾತನ ಆಯುಧದ ವಿಷಯದಲ್ಲಿಯೂ ಅದೇ ನೀತಿ. ಮೂಲದ ದಾಖಲೆ, ಪರವಾನಗಿ, ನೋಂದಣಿ ಈ ಮೂರೂ ಸರಿಯಾಗಿದ್ದ ಬಂದೂಕು ಮನೆತನದ ಆಸ್ತಿ. ಅವು ಇಲ್ಲದ ಬಂದೂಕನ್ನು ಎಷ್ಟು ಅಗ್ಗಕ್ಕೆ ಕೊಂಡರೂ ಅದು ನಷ್ಟದ ಮಾಲು.